ಎಲೆಗೆ ಅಡ್ಡ ಹಿಡಿದ ಕೈ

ಸಾಗರದ ಕಡೆಯ ನಮ್ಮೂರಿನಲ್ಲಿ, ಒಂದು ಮದುವೆಯ ಮಾರನೆಯ ರಾತ್ರಿ, ಊಟ ಮುಗಿದ ಮೇಲೆ ಬಾದಾಮಿ ಹಾಲು ಹಂಚಿದರು. ನನಗಾಗ ಹತ್ತೋ ಹನ್ನೊಂದೋ. ಮಕ್ಕಳಿಗೊಂದು ಪಾತ್ರೆ, ದೊಡ್ಡವರಿಗೊಂದು ಪಾತ್ರೆ ಎಂದು ಅಡುಗೆ ಭಟ್ಟರು ಬೇರೆ ಮಾಡಿದ್ದನ್ನು ಕಂಡು, ದೊಡ್ಡವರದ್ದರಲ್ಲಿ ಬಾದಾಮಿ ಜಾಸ್ತಿ ಇರಬೇಕೆಂದು ನಾವು ಹುಡುಗರು ಹೊಟ್ಟೆಕಿಚ್ಚು ಪಟ್ಟೆವು. ಜಾಸ್ತಿ ಇದ್ದದ್ದು ಬಾದಾಮಿಯಲ್ಲ, ಭಂಗಿ ಸೊಪ್ಪು. ಬೀಗರನ್ನು ನಗಿಸೋಣವೆಂದು ಯಾರೋ ತಂದುಕೊಟ್ಟಿದ್ದರು. ಆ ಯಾರೋ ಯಾರೆಂಬುದು ಊರಿಗೆಲ್ಲ ಗೊತ್ತಿದ್ದರೂ ಇವತ್ತಿನವರೆಗೆ ಯಾರೂ ಬಾಯಿಬಿಟ್ಟಿಲ್ಲ. ನಾನೂ ಬಿಡುವುದಿಲ್ಲ.

ಮೊದಲ ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಅನಾಹುತಕ್ಕೆ ಅದೇ ಮೂಲ. ಗುಟ್ಟು ಗೊತ್ತಿದ್ದ ನಾಲ್ಕೈದು ಮಂದಿ ‘ಈ ಸಲದ ಸೊಪ್ಪಿನಲ್ಲಿ ಸತ್ವವಿಲ್ಲ’ ಎಂದು ಎರಡನೆಯ ಲೋಟ ಇಳಿಸಿದರು. ಗೊತ್ತಿಲ್ಲದವರು ರುಚಿಯಾಗಿದೆಯೆಂದು ಇಳಿಸಿದರು. ಆಮೇಲೆ ಶುರುವಾಯಿತು. ಹಿಂದಿನ ದಿನ ಮಂತ್ರದ ನಡುವೆ ಕೆಮ್ಮಿದವರನ್ನೂ ದುರುಗುಟ್ಟಿ ನೋಡಿದ್ದ ಪುರೋಹಿತರು ಚಪ್ಪರದ ಒಂದು ಕಂಬವನ್ನು ನೋಡಿ ನಗತೊಡಗಿದರು. ಕಂಬದಲ್ಲಿ ಏನಿದೆ ಎಂದು ಕೇಳಿದರೆ ‘ಏನಿಲ್ಲ, ನೆಟ್ಟಗಿದೆ’ ಎಂದು ಮತ್ತೆ ನಗು. ಲೆಕ್ಕಪತ್ರದವರೊಬ್ಬರು ಉಳಿದಿದ್ದ ತಣ್ಣನೆಯ ಹೋಳಿಗೆಯ ಬುಟ್ಟಿಯ ಪಕ್ಕ ಕೂತವರು ಏಳಲೇ ಇಲ್ಲ. ನನ್ನ ದೊಡ್ಡಪ್ಪ ಬಚ್ಚಲಿಗೆಂದು ಹೊರಟು ಅಂಗಳದ ಮಧ್ಯೆ ಕೂತುಬಿಟ್ಟರು. ‘ಇನ್ನೂ ಬಹಳ ದೂರ ಇದೆ, ಬಸ್ಸು ಬರಲಿ’ ಎಂದರು. ಚಿಕ್ಕಪ್ಪ ತನಗೆ ಏನೂ ಆಗಿಲ್ಲವೆಂದು ರಾತ್ರಿ ಹತ್ತರಿಂದ ಮೂರರವರೆಗೆ ಬಿಡುವಿಲ್ಲದೆ ವಿವರಿಸಿದರು. ಬೀಗರ ಕಡೆಯ ಒಬ್ಬ ತರುಣ ಮಾತ್ರ ಎದೆ ಹಿಡಿದುಕೊಂಡು ಮೂಲೆಯಲ್ಲಿ ಮುದುರಿದ್ದ. ಗುಂಡಿಗೆ ನಿಲ್ಲುತ್ತಿದೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ತಾನು ಬೆಳಗು ಕಾಣುವುದಿಲ್ಲ ಎಂದು ನಡುಗುತ್ತಿದ್ದ. ಏಕಾದಶಿಯೆಂದು ಹಾಲು ಮುಟ್ಟದಿದ್ದ ನನ್ನ ಅಜ್ಜಿ ಅವನ ಪಕ್ಕ ಕೂತು ನಸುಕಿನವರೆಗೆ ನಿಂಬೆಹುಳಿ ಕುಡಿಸಿದಳು.

ಎಷ್ಟೋ ವರ್ಷಗಳ ಮೇಲೆ ಒಂದು ಸಾಕ್ಷ್ಯಚಿತ್ರ ನೋಡುತ್ತಿದ್ದಾಗ ನಾನು ಕೂತಲ್ಲೇ ಬೆಚ್ಚಿದೆ. ಇಸ್ರೇಲಿನ ರಸಾಯನಶಾಸ್ತ್ರಜ್ಞ ರಾಫಾಯೆಲ್ ಮೆಕೂಲಂ ತಮ್ಮ ಮನೆಯಲ್ಲಿ ನಡೆದ ಒಂದು ಪ್ರಯೋಗದ ಕತೆ ಹೇಳುತ್ತಿದ್ದರು. ಹೆಂಡತಿ ಡಾಲಿಯಾ ಕೇಕು ಮಾಡಿದರು. ಹತ್ತು ಮಂದಿ ಗೆಳೆಯರಲ್ಲಿ ಐವರ ತುಂಡಿಗೆ ಮಾತ್ರ ಗಾಂಜಾದಿಂದ ಶುದ್ಧವಾಗಿ ಬೇರ್ಪಡಿಸಿದ ವಸ್ತು, ಒಬ್ಬೊಬ್ಬರಿಗೆ 10 ಮಿಲಿಗ್ರಾಂ. ಒಬ್ಬರು ತನಗೇನೂ ಆಗಿಲ್ಲ ಎನ್ನುತ್ತಲೇ ಮಾತು ನಿಲ್ಲಿಸಲಿಲ್ಲ. ಇನ್ನೊಬ್ಬರು ಏನೂ ಇಲ್ಲ ಎಂದು ಮತ್ತೆ ಮತ್ತೆ ಬಿದ್ದು ಬಿದ್ದು ನಕ್ಕರು. ಒಬ್ಬರಿಗೆ ವಿಪರೀತ ಭಯ. ನಮ್ಮ ಪುರೋಹಿತರು, ಚಿಕ್ಕಪ್ಪ, ಬೀಗರ ಹುಡುಗ ಎಲ್ಲರೂ ಅಲ್ಲಿ ಹಾಜರಿದ್ದರು. ಅವರ ಪ್ರಯೋಗದಲ್ಲಿ ಹೋಲಿಕೆಗೆಂದು ಬರಿಯ ಕೇಕು ತಿಂದ ಐವರಿದ್ದರು, ನಮ್ಮದರಲ್ಲಿ, ಮಕ್ಕಳನ್ನು ಬಿಟ್ಟರೆ, ಅಜ್ಜಿಯೊಬ್ಬಳೇ ಇದ್ದಳು, ಅಷ್ಟೇ ವ್ಯತ್ಯಾಸ.

ಮೆಕೂಲಂ ಹುಟ್ಟಿದ್ದು 1930ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ, ತೀರಿಕೊಂಡದ್ದು 2023ರಲ್ಲಿ. ಅರವತ್ತರ ದಶಕದ ಮೊದಲಲ್ಲಿ ಅವರು ರೆಹೊವೊತ್ ಊರಿನ ವೈಜ್‌ಮನ್ ಸಂಸ್ಥೆಯಲ್ಲಿದ್ದ ತರುಣ. ಅಫೀಮಿನಿಂದ ಮಾರ್ಫಿನ್ ಬೇರ್ಪಟ್ಟು ನೂರೈವತ್ತು ವರ್ಷ, ಕೋಕಾ ಎಲೆಯಿಂದ ಕೊಕೇನ್ ಬೇರ್ಪಟ್ಟು ನೂರು ವರ್ಷ ಆಗಿದ್ದರೂ, ಅಷ್ಟೆಲ್ಲ ಜನ ಸೇದುವ ಗಾಂಜಾದಲ್ಲಿ ತಲೆಗೇರುವುದು ಯಾವುದೆಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಕಾರಣ ಸರಳ. ಮಾರ್ಫಿನ್, ಕೊಕೇನ್‌ಗಳು ಉಪ್ಪಿನಂತೆ ಹರಳುಗಟ್ಟುತ್ತವೆ. ಗಾಂಜಾದ ಸತ್ವ ಎಣ್ಣೆಯ ಜಾತಿ. ಒಂದನ್ನೊಂದು ಹೋಲುವ ಹತ್ತಾರು ವಸ್ತುಗಳ ಜೊತೆ ಹಲಸಿನ ಮೇಣದಂತೆ ಅಂಟಿಕೊಂಡಿರುತ್ತದೆ. ಹಲಸು ಕೊಯ್ದವರಿಗೆ ಆ ಕಷ್ಟ ಹೇಳಬೇಕಿಲ್ಲ. ಮೆಕೂಲಂ ಪೊಲೀಸರಿಂದ ವಶಪಡಿಸಿಕೊಂಡ 5 ಕಿಲೋ ಹಶೀಶ್ ಕೇಳಿ ತಂದರು. ಕಾರಿರಲಿಲ್ಲ. ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದರು. ಇದೇನು ವಾಸನೆ ಎಂದು ಪ್ರಯಾಣಿಕರು ಮೂಗು ಅರಳಿಸಿದರಂತೆ. ಯೆಹಿಯೇಲ್ ಗಾವೋನಿ ಜೊತೆಗೂಡಿ 1964ರಲ್ಲಿ ಅವರು ಬೇರ್ಪಡಿಸಿದ್ದೇ ಟಿಎಚ್‌ಸಿ.

ಅದು ನೀರಿಗೆ ಕರಗದು, ಕೊಬ್ಬಿಗೆ ಕರಗುತ್ತದೆ. ನಮ್ಮ ಅಡುಗೆ ಭಟ್ಟರು ಸೊಪ್ಪನ್ನು ಮೊದಲು ತುಪ್ಪದಲ್ಲಿ ಹುರಿದು, ಆಮೇಲೆ ಅರೆದು ಹಾಲಿಗೆ ಹಾಕಿದ್ದರು. ಹಸಿ ಸೊಪ್ಪಿನಲ್ಲಿರುವುದು ಆಮ್ಲರೂಪ, ಅದಕ್ಕೆ ಮತ್ತಿಲ್ಲ. ಕಾವು ತಗುಲಿದರೇ ಟಿಎಚ್‌ಸಿ ಆಗುವುದು. ಏಳನೇ ಇಯತ್ತೆ ಓದಿದ್ದ ಭಟ್ಟರಿಗೆ ಇದು ಹೇಗೆ ಗೊತ್ತಿತ್ತೋ! ಅವರ ಗುರುವಿಗೆ ಗೊತ್ತಿತ್ತು, ಆ ಗುರುವಿನ ಗುರುವಿಗೂ. ಸೇದಿದರೆ ನಿಮಿಷಗಳಲ್ಲಿ ತಲೆಗೇರುವುದು ಕುಡಿದರೆ ಹೊಟ್ಟೆ, ಯಕೃತ್ತು ಸುತ್ತಿ ಒಂದು ಒಂದೂವರೆ ಗಂಟೆಯ ಮೇಲೆ ಏರುತ್ತದೆ, ಅದೂ ಯಕೃತ್ತಿನಲ್ಲಿ ಇನ್ನಷ್ಟು ಚುರುಕಾದ ರೂಪ ತಾಳಿ. ಎರಡನೆಯ ಲೋಟದವರಿಗೆ ಯಾರೂ ಇದನ್ನು ಹೇಳಿರಲಿಲ್ಲ.

ಟಿಎಚ್‌ಸಿ ಸಿಕ್ಕಿದ ಮೇಲೂ ಅದು ಮಿದುಳಿನೊಳಗೆ ಏನು ಮಾಡುತ್ತದೆಂದು ತಿಳಿಯಲು ಇಪ್ಪತ್ತನಾಲ್ಕು ವರ್ಷ ಬೇಕಾಯಿತು. 1988ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಇಲಿಯ ಮಿದುಳಿನಲ್ಲಿ ಅದು ಹೋಗಿ ಕೂರುವ ಕಿಂಡಿಯನ್ನು ಹುಡುಕಿದರು. ಬೀಗದ ಕೈ ಮೊದಲು ಸಿಕ್ಕಿ ಬೀಗ ಆಮೇಲೆ ಸಿಕ್ಕಂತೆ. ಆದರೆ ಬೀಗ ಸಿಕ್ಕಾಗ ಹುಟ್ಟಿದ ಪ್ರಶ್ನೆ ದೊಡ್ಡದು: ಎಲ್ಲೋ ಬೆಟ್ಟದ ಬುಡದಲ್ಲಿ ಬೆಳೆಯುವ ಗಿಡಕ್ಕೆಂದು ನಮ್ಮ ಮಿದುಳು ಬೀಗ ಮಾಡಿಸಿಟ್ಟುಕೊಂಡಿರಲು ಸಾಧ್ಯವೇ? ಮನೆಯದೇ ಒಂದು ಕೈ ಇರಲೇಬೇಕು. ಅದನ್ನು 1992ರಲ್ಲಿ ಹಂದಿಯ ಮಿದುಳಿನಿಂದ ತೆಗೆದವರು ಇದೇ ಡಿವೇನ್, ಜೆಕ್ ದೇಶದ ಲುಮಿರ್ ಹನುಷ್ ಮತ್ತು ಮೆಕೂಲಂ. ಹೆಸರಿಡುವಾಗ ಸಂಸ್ಕೃತಕ್ಕೆ ಬಂದರು: ಆನಂದಮೈಡ್. ಹೀಬ್ರೂವಿನಲ್ಲಿ ದುಃಖಕ್ಕಿರುವಷ್ಟು ಪದಗಳು ಸಂತೋಷಕ್ಕಿಲ್ಲ ಎಂದು ಮೆಕೂಲಂ ತಮಾಷೆ ಮಾಡುತ್ತಿದ್ದರು.

ನಮಗೆ ಆ ಬಡತನವಿಲ್ಲ. ತೈತ್ತಿರೀಯ ಉಪನಿಷತ್ತಿನಲ್ಲಿ ಆನಂದಕ್ಕೆ ಕೋಷ್ಟಕವೇ ಇದೆ. ದೃಢಕಾಯನಾದ, ವಿದ್ಯಾವಂತನಾದ, ಭೂಮಿಯ ಸಂಪತ್ತೆಲ್ಲ ಉಳ್ಳ ತರುಣನ ಆನಂದ ಒಂದು ಮಾನ. ಅದರ ನೂರು ಪಟ್ಟು ಮನುಷ್ಯಗಂಧರ್ವರದು, ಅದರ ನೂರು ಪಟ್ಟು ದೇವಗಂಧರ್ವರದು, ಹೀಗೆ ಮೇಲೆ ಮೇಲೆ. ಪ್ರತಿ ಮೆಟ್ಟಿಲಲ್ಲೂ, ಆಸೆಗೆ ಸೋಲದ ಶ್ರೋತ್ರಿಯನಿಗೂ ಅಷ್ಟೇ ಆನಂದ ಎಂದು ಒಂದು ಷರಾ. ನಮ್ಮ ಪುರೋಹಿತರು ಈ ಭಾಗವನ್ನು ಬಹಳ ಚೆನ್ನಾಗಿ ಹೇಳುತ್ತಿದ್ದರು. ಕಂಬದ ಘಟನೆಯ ನಂತರ ಅವರ ಬಾಯಲ್ಲಿ ಅದನ್ನು ಕೇಳುವಾಗಲೆಲ್ಲ ನಾವು ಹುಡುಗರು ಒಬ್ಬರ ಮುಖ ಒಬ್ಬರು ನೋಡದಂತೆ ಎಚ್ಚರ ವಹಿಸಬೇಕಾಗುತ್ತಿತ್ತು.

ಹಂದಿಯ ಮಿದುಳಿನ ಆನಂದ ಮಾತ್ರ ನೂರು ಪಟ್ಟಿನ ಸುದ್ದಿಗೆ ಹೋಗುವುದಿಲ್ಲ. ಎಲ್ಲಿ ಬೇಕೋ ಅಲ್ಲಿ, ಬೇಕಾದಾಗ, ಬೇಕಾದಷ್ಟು ಹುಟ್ಟಿ ಕೆಲಸ ಮುಗಿದ ಕೂಡಲೇ ಅಲ್ಲೇ ಚೂರಾಗಿ ಇಲ್ಲವಾಗುತ್ತದೆ. ಅದನ್ನು ಚೂರು ಮಾಡಲೆಂದೇ ಒಂದು ಕಿಣ್ವವಿದೆ. ಆನಂದಮೈಡಿನ ಕೆಲಸ ಏನೆಂಬುದು 2001ರ ಹೊತ್ತಿಗೆ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಸ್ಪಷ್ಟವಾಯಿತು. ನರಕೋಶಗಳ ನಡುವೆ ಮಾತು ಸಾಮಾನ್ಯವಾಗಿ ಒಂದೇ ದಿಕ್ಕಿಗೆ: ಒಬ್ಬ ಹೇಳುವವ, ಒಬ್ಬ ಕೇಳುವವ. ಆನಂದಮೈಡ್ ಮತ್ತು ಅದರ ಬಳಗದ ವಸ್ತುಗಳು ತಿರುಗಿ ಹೋಗುತ್ತವೆ. ಕೇಳುವವನಿಂದ ಹೇಳುವವನ ಕಡೆಗೆ, ಸಾಕು, ನಿಧಾನ ಎಂಬ ಸಂದೇಶ ಹೊತ್ತು.

ಇದನ್ನು ಓದಿದಾಗ ನನಗೆ ಹೊಳೆದದ್ದು ಪಂಕ್ತಿ. ನಮ್ಮ ಕಡೆಯ ಮದುವೆಗಳಲ್ಲಿ ಬಡಿಸುವವರ ಉಪಟಳ ನಿಮಗೆ ಗೊತ್ತಿರಬಹುದು. ಹೋಳಿಗೆ ಹಿಡಿದು ಬಂದವನಿಗೆ ಬಾಯಲ್ಲಿ ಬೇಡವೆಂದರೆ ಕೇಳಿಸುವುದಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು, ಮೈಯನ್ನೂ ಒಂದಿಷ್ಟು ಬಾಗಿಸಬೇಕು. ಅವನು ಮುಂದಿನ ಎಲೆಗೆ ಹೋದ ಮೇಲೆ ಕೈ ತೆಗೆದು ಊಟ ಮುಂದುವರಿಸಬೇಕು. ಆನಂದಮೈಡ್ ಹಾಗೆ ಅಡ್ಡ ಹಿಡಿದ ಕೈ. ಕ್ಷಣದ ಮಟ್ಟಿಗೆ ಬಡಿಸುವುದನ್ನು ತಡೆದು ಹಿಂದೆ ಸರಿಯುತ್ತದೆ. ಟಿಎಚ್‌ಸಿಯೂ ಅದೇ ಕೈಯಂತೆಯೇ ಕಾಣುತ್ತದೆ, ಆದರೆ ಇಡೀ ಪಂಕ್ತಿಯ ಎಲ್ಲ ಎಲೆಗಳ ಮೇಲೂ ಒಟ್ಟಿಗೆ, ಗಂಟೆಗಟ್ಟಲೆ ಅಡ್ಡ ಹಿಡಿದು ಕೂರುತ್ತದೆ. ಯಾರ ಎಲೆಗೆ ಉಪ್ಪು ಬಂದಿಲ್ಲ, ಯಾರಿಗೆ ಪಾಯಸ ಎರಡು ಸಲ ಬಂತು ಎಂಬ ಲೆಕ್ಕವೆಲ್ಲ ತಪ್ಪಿಹೋಗುತ್ತದೆ.

ಯಾವ ಪಂಕ್ತಿಯ ಲೆಕ್ಕ ತಪ್ಪಿತೋ ಅದರ ಮೇಲೆ ಹೋಗುತ್ತದೆ ಆಟ. ನೆನಪಿನ ಹಿಪೊಕ್ಯಾಂಪಸ್‌ನಲ್ಲಿ ಈ ಕಿಂಡಿಗಳು ದಟ್ಟ. ವಾಕ್ಯ ಮುಗಿಯುವಷ್ಟರಲ್ಲಿ ಅದರ ಆರಂಭ ಮರೆಯುವುದು ಅದಕ್ಕೇ, ಚಿಕ್ಕಪ್ಪ ಅದನ್ನೇ ಮತ್ತೆ ಮತ್ತೆ ಹೇಳಿದ್ದೂ ಬಹುಶಃ ಅದಕ್ಕೇ. ಕಿರುಮಿದುಳಿನಲ್ಲಿ ದಟ್ಟ, ನಡಿಗೆ ತಪ್ಪುತ್ತದೆ. ಹಸಿವಿನ ಕೇಂದ್ರದಲ್ಲಿ ಉಂಟು. ತಣ್ಣನೆಯ ಹೋಳಿಗೆಯ ಬುಟ್ಟಿ ಖಾಲಿಯಾಗುತ್ತದೆ. ಭಯ ಕಾವಲು ಕಾಯುವ ಅಮಿಗ್ಡಲದಲ್ಲೂ ಉಂಟು; ಅಲ್ಲಿ ಪ್ರಮಾಣ ಕಡಿಮೆಯಾದರೆ ನಿರಾಳ, ಹೆಚ್ಚಾದರೆ ನಡುಕ. ಉಸಿರಾಟ ನಡೆಸುವ ಮಿದುಳುಕಾಂಡದಲ್ಲಿ ಮಾತ್ರ ಬಹಳ ವಿರಳ. ಅಫೀಮಿನ ಜಾತಿಯವು ಉಸಿರು ನಿಲ್ಲಿಸಿ ಕೊಂದಂತೆ ಗಾಂಜಾ ಕೊಲ್ಲದಿರುವುದಕ್ಕೆ ಈ ಭೂಪಟವೇ ಕಾರಣ. ಬೀಗರ ಹುಡುಗನ ಗುಂಡಿಗೆ ಜೋರಾಗಿ ಹೊಡೆದುಕೊಂಡದ್ದು ನಿಜ, ನಿಲ್ಲುವ ಸಂಭವ ತೀರ ಕಡಿಮೆ. ಆದರೆ ರಾತ್ರಿ ಎರಡು ಗಂಟೆಗೆ ಅವನಿಗೆ ಇದನ್ನೆಲ್ಲ ವಿವರಿಸುವವರು ಯಾರು? ನಿಂಬೆಹುಳಿಯೇ ವಾಸಿ.

ಹಾಗಾದರೆ ಈ ಆನಂದದ ಕಿಂಡಿಯನ್ನು ಮುಚ್ಚಿಬಿಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. ಹಸಿವು ತಗ್ಗಲಿ, ಬೊಜ್ಜು ಕರಗಲಿ ಎಂದು ರಿಮೊನಬಾಂಟ್ ಎಂಬ ಮಾತ್ರೆ 2006ರಲ್ಲಿ ಯುರೋಪಿನ ಪೇಟೆಗೆ ಬಂತು. ತೂಕ ಇಳಿಯಿತು. ಜೊತೆಗೆ ಮನಸ್ಸೂ ಇಳಿಯಿತು. ಖಿನ್ನತೆ, ಸಾಯುವ ಯೋಚನೆ. 2008ರಲ್ಲಿ ಮಾತ್ರೆಯನ್ನು ಹಿಂತೆಗೆದುಕೊಂಡರು. ಇದಕ್ಕೆ ತದ್ವಿರುದ್ಧವಾಗಿ ಸ್ಕಾಟ್ಲೆಂಡಿನ ಒಬ್ಬ ಹೆಂಗಸಿನಲ್ಲಿ ಆನಂದಮೈಡನ್ನು ಚೂರು ಮಾಡುವ ಕಿಣ್ವ ಹುಟ್ಟಿನಿಂದಲೇ ಮಂದ. ಆಕೆಗೆ ನೋವು ತಿಳಿಯದು, ಆತಂಕವಿಲ್ಲ, ಒಲೆಯ ಮೇಲೆ ಕೈಯಿಟ್ಟರೆ ಸುಟ್ಟ ವಾಸನೆಯಿಂದಲೇ ಗೊತ್ತಾಗಬೇಕು, ಮರೆವು ಬೇರೆ. 2019ರಲ್ಲಿ ಆಕೆಯ ಬಗ್ಗೆ ವೈದ್ಯರು ಬರೆದಾಗ ನನ್ನ ಹೆಂಡತಿ ಓದಿ, ‘ನಿಮ್ಮ ದೊಡ್ಡಪ್ಪನಿಗೂ ಇದೇ ಇರಬೇಕು’ ಎಂದಳು. ಅವರಿಗೆ ಮರೆವು ಮಾತ್ರ ಇತ್ತು.

ಇಷ್ಟು ಹೊತ್ತು ನಕ್ಕಿದ್ದಾಯಿತು. ಈ ವಿಷಯವನ್ನು ನಾನು ಓದಲು ಕೂತದ್ದು ನಗುವುದಕ್ಕಲ್ಲ.

ದೊಡ್ಡಮ್ಮನ ಮೊಮ್ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ನನಗೆ ಮಾವ ಎನ್ನುತ್ತಾನೆ. ಮೂರನೇ ವರ್ಷದಲ್ಲಿ ಫೋನು ಎತ್ತುವುದು ನಿಂತಿತು. ಹಾಸ್ಟೆಲಿನ ಗೋಡೆಯೊಳಗೆ ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ, ಮೆಸ್ಸಿನ ಸಾರಿಗೆ ಏನೋ ಬೆರೆಸುತ್ತಾರೆ ಎಂದು ಊಟ ಬಿಟ್ಟ. ಸಹಪಾಠಿಗಳೇ ಕರೆ ಮಾಡಿ ತಿಳಿಸಿದರು. ಹೋಗಿ ನೋಡಿದರೆ ಕಿಟಕಿಗೆಲ್ಲ ಪತ್ರಿಕೆ ಅಂಟಿಸಿ ಕೂತಿದ್ದ. ದಿನಾ ‘ಸೊಪ್ಪು’ ಸೇದುತ್ತಿದ್ದ ಸಂಗತಿ ಆಗ ಹೊರಬಿತ್ತು. ಹೈಸ್ಕೂಲಿನ ಕೊನೆಯಿಂದಲೇ ಇತ್ತೆಂದು ಆಮೇಲೆ ಅವನೇ ಹೇಳಿದ. ಬೆಂಗಳೂರಿನ ಹುಡುಗರು ಸೊಪ್ಪು ಎನ್ನುವುದನ್ನು ಕೇಳಿದರೆ ದಂಟು, ಹರಿವೆ ನೆನಪಾಗುತ್ತದೆ. ಅಷ್ಟು ಸಾಧುವಾದ ಹೆಸರು. ‘ನ್ಯಾಚುರಲ್ ಮಾವ, ಗಿಡ ಅಷ್ಟೇ’ ಎಂದು ಒಮ್ಮೆ ನನಗೂ ಬೋಧನೆ ಮಾಡಿದ್ದ. ಕಾಸರಕದ ಮರವೂ ನ್ಯಾಚುರಲ್ಲೇ ಮಾರಾಯ ಎಂದಿದ್ದೆ. ಅದು ನಮ್ಮ ತೋಟದಂಚಿನಲ್ಲೇ ಇದೆ.

ಗಿಡವೂ ಈಗ ಹಳೆಯ ಗಿಡವಾಗಿ ಉಳಿದಿಲ್ಲ. ಸತ್ವವಿರುವುದು ಹೆಣ್ಣು ಗಿಡದ ಹೂವಿನ ಅಂಟಿನಲ್ಲಿ, ಎಲೆಯಲ್ಲಿ ಕಡಿಮೆ. 1985ರ ಮಾದಕವಸ್ತು ಕಾಯ್ದೆ ಬರೆದವರು ಎಲೆ, ಬೀಜಗಳನ್ನು ಹೊರಗಿಟ್ಟು ಹೂವನ್ನೂ ಅಂಟನ್ನೂ ಒಳಗೆ ಹಾಕಿದ್ದರಿಂದ ಭಂಗಿ ಒಂದು ದಾರಿ, ಗಾಂಜಾ ಇನ್ನೊಂದು ದಾರಿ ಹಿಡಿಯಿತು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಪ್ರಕರಣದಲ್ಲಿ ಇದನ್ನೇ ಎತ್ತಿ ಹೇಳಿತು. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲಿನ ಲೆಕ್ಕ ನೋಡಿದರೆ 1995ರಲ್ಲಿ ಟಿಎಚ್‌ಸಿ ಶೇ. 4ರಷ್ಟಿದ್ದದ್ದು 2014ರ ಹೊತ್ತಿಗೆ ಶೇ. 12ರಷ್ಟಾಗಿದೆ. ಬೀಗರ ಹುಡುಗನಿಗಾದ ಭಯ ಒಂದು ರಾತ್ರಿಯದು. ಈ ಹುಡುಗನದು ಬೇರೆ.

ಆಸ್ಪತ್ರೆಯೊಂದರಲ್ಲಿ ಚೀಟಿ ತುಂಬುವಾಗ ಕಾಯಿಲೆಯ ಕಾರಣ ಎಂದು ಕೇಳಿದ ಜಾಗದಲ್ಲಿ ಹುಡುಗನ ಅಪ್ಪ ದಪ್ಪಕ್ಷರದಲ್ಲಿ ‘ಗಾಂಜಾ’ ಎಂದು ಬರೆದರು. ಬರೆದ ಮೇಲೆ ಅವರ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಂಡೆ. ಹೊರಗಿನಿಂದ ಬಂದದ್ದು, ಹೊರಗೇ ಹೋಗುತ್ತದೆ ಎಂಬ ಸಮಾಧಾನ.

ಆ ದಪ್ಪಕ್ಷರ ನನಗೆ ಆಮೇಲೆ ಮತ್ತೆ ಸಿಕ್ಕಿದ್ದು 1894ರ ಒಂದು ವರದಿಯ ವಿವರಗಳಲ್ಲಿ. ಹಿಂದೂಸ್ತಾನದ ಹುಚ್ಚಾಸ್ಪತ್ರೆಗಳು ಗಾಂಜಾದಿಂದ ತುಂಬಿಹೋಗಿವೆ ಎಂಬ ಕೂಗು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದು, 1893ರಲ್ಲಿ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಆಯೋಗ ರಚನೆಯಾಯಿತು. ಏಳು ಸದಸ್ಯರು, ಅವರಲ್ಲಿ ಮೂವರು ಭಾರತೀಯರು; 1193 ಸಾಕ್ಷಿಗಳು; ಸಂಪುಟ ಸಂಪುಟ ಕಾಗದ. ಆ ಕಾಲದ ಸರ್ಕಾರಿ ಆಯೋಗವೊಂದು ಇಷ್ಟು ನಿಯತ್ತಾಗಿ ಕೆಲಸ ಮಾಡಿದ್ದನ್ನು ಓದಿದರೆ ಈ ಕಾಲದವರಿಗೆ ಕೊಂಚ ಇರುಸುಮುರುಸಾಗುತ್ತದೆ. ಅವರು ಹುಚ್ಚಾಸ್ಪತ್ರೆಯ ದಾಖಲೆಗಳನ್ನು ತಿರುವಿ ಹಾಕಿದರು. ಬೀದಿಯಲ್ಲಿ ಸಿಕ್ಕ ಅನಾಮಧೇಯ ಹುಚ್ಚನನ್ನು ಪೊಲೀಸರು ಕರೆತರುವಾಗ ಒಂದು ಪಟ್ಟಿ ತುಂಬಬೇಕಿತ್ತು. ಅದರಲ್ಲಿ ‘ಹುಚ್ಚಿನ ಕಾರಣ’ ಎಂಬ ಕಲಂ. ಖಾಲಿ ಬಿಟ್ಟರೆ ಮೇಲಿನವರ ತಕರಾರು. ಗಾಂಜಾ ಎಂದು ಬರೆದರೆ ಯಾರ ತಂಟೆಯೂ ಇಲ್ಲ. ಹಾಗೆ ಬರೆದದ್ದು ವರ್ಷದ ಕೊನೆಗೆ ಅಂಕಿ ಅಂಶವಾಗುತ್ತಿತ್ತು. 1892ರಲ್ಲಿ ಗಾಂಜಾ ಎಂದು ನಮೂದಾಗಿದ್ದ 222 ಪ್ರಕರಣಗಳನ್ನು ಒಂದೊಂದಾಗಿ ಕೆದಕಿದಾಗ ಅರ್ಧದಷ್ಟೂ ನಿಲ್ಲಲಿಲ್ಲ. ಅದೇ ಆಯೋಗಕ್ಕಾಗಿ ಡಿ.ಡಿ. ಕನ್ನಿಂಗ್‌ಹ್ಯಾಮ್ ಎಂಬ ವೈದ್ಯ ಕಲ್ಕತ್ತೆಯಲ್ಲಿ ಒಂದು ಮಂಗಕ್ಕೆ ಎಂಟು ತಿಂಗಳು ಗಾಂಜಾ ಹೊಗೆ ಕುಡಿಸಿ, ಆಮೇಲೆ ಅದರ ಮಿದುಳು ತೆಗೆದು ನೋಡಿದ. ಕಣ್ಣಿಗೆ ಕಾಣುವ ಹಾನಿ ಏನೂ ಇರಲಿಲ್ಲ. ಮಿತವಾಗಿ ಬಳಸಿದರೆ ಹೆಚ್ಚಿನ ಕೇಡಿಲ್ಲ, ಮಿತಿ ಮೀರಿದರೆ ಕೇಡು, ಪೂರ್ತಿ ನಿಷೇಧ ಬೇಡ ಎಂದು ಆಯೋಗ ಹೇಳಿತು.

ಈ ವರದಿಯನ್ನು ಹಿಡಿದುಕೊಂಡು ಗಾಂಜಾಕ್ಕೆ ಚಾರಿತ್ರ್ಯ ಪ್ರಮಾಣಪತ್ರ ಕೊಡುವವರಿದ್ದಾರೆ. ಹಾಗೆ ಕೊಡುವುದು ಸುಲಭವಲ್ಲ. ಸ್ವೀಡನ್ನಿನಲ್ಲಿ 1969–70ರಲ್ಲಿ ಕಡ್ಡಾಯ ಸೈನ್ಯಸೇವೆಗೆ ಕರೆಸಿದ ಸುಮಾರು 45 ಸಾವಿರ ತರುಣರನ್ನು ಹದಿನೈದು ವರ್ಷ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ಬಂತು. ಹದಿಹರೆಯದಲ್ಲೇ ಐವತ್ತಕ್ಕಿಂತ ಹೆಚ್ಚು ಸಲ ಸೇದಿದವರಿಗೆ ಸ್ಕಿಜೊಫ್ರೇನಿಯಾ ಬಂದದ್ದು ಸೇದದವರಿಗಿಂತ ಆರು ಪಟ್ಟು. 2019ರಲ್ಲಿ ಮಾರ್ತಾ ದಿ ಫೋರ್ತಿ, ರಾಬಿನ್ ಮರ್ರೆ ಮೊದಲಾದವರು ಯುರೋಪಿನ ಹಲವು ನಗರಗಳಲ್ಲಿ ಲೆಕ್ಕ ಹಾಕಿದಾಗ, ಕಟುವಾದ ಮಾಲನ್ನು ದಿನವೂ ಸೇದುವವರಲ್ಲಿ ಮನೋವಿಕಾರದ ಸಂಭವ ಹೆಚ್ಚುಕಡಿಮೆ ಐದು ಪಟ್ಟು. ಇನ್ನೊಂದು ನ್ಯೂಜಿಲೆಂಡಿನದು: ಡುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1037 ಮಕ್ಕಳನ್ನು 38ರ ವಯಸ್ಸಿನವರೆಗೆ ನೋಡಿ, ಹದಿಹರೆಯದಿಂದ ಬಿಡದೆ ಸೇದಿದವರ ಬುದ್ಧಿಮತ್ತೆಯ ಅಂಕ ಎಂಟರಷ್ಟು ಇಳಿದಿದೆ ಎಂದರು. ಬಡತನ, ಮನೆಯ ಸ್ಥಿತಿ ಇವೂ ಕಾರಣವಿರಬಹುದಲ್ಲ ಎಂದು ಬೇರೆಯವರು ಜಗಳ ತೆಗೆದರು. ಒಬ್ಬ ಸೇದಿ ಇನ್ನೊಬ್ಬ ಸೇದದ ಅವಳಿಗಳನ್ನು ಹೋಲಿಸಿದಾಗ ಆ ಅಂತರ ಕಾಣಲಿಲ್ಲ ಎಂದು ಮತ್ತೊಂದು ತಂಡ. ಹೊಗೆ ಮೊದಲೋ ಬೆಂಕಿ ಮೊದಲೋ ಎಂಬ ಈ ವ್ಯಾಜ್ಯ ಅಡಿಕೆ ತೋಟದ ಗಡಿ ತಕರಾರಿನಂತೆ ನಡೆಯುತ್ತಲೇ ಇದೆ.

ಹುಡುಗನ ವಿಷಯದಲ್ಲಿ ಡಾಕ್ಟರು ದಪ್ಪಕ್ಷರವನ್ನು ನೋಡಿ ತಲೆಯಾಡಿಸಿ, ‘ಮನೆಯಲ್ಲಿ ಹಿಂದೆ ಯಾರಿಗಾದರೂ ಈ ಥರ?’ ಎಂದು ಕೇಳಿದರು. ಹುಡುಗನ ಅಪ್ಪ ಫ್ಯಾನು ನೋಡಿದರು. ಅಮ್ಮ ಸೆರಗಿನ ತುದಿ ನೋಡಿದಳು. ದೊಡ್ಡಮ್ಮನ ಮನೆಯ ಉಪ್ಪರಿಗೆಯಲ್ಲಿ ಚಿಕ್ಕಜ್ಜಿ ಎಂಬೊಬ್ಬಳಿದ್ದಳು. ಕಿಟಕಿಯಾಚೆಯ ಹಲಸಿನ ಮರದ ಜೊತೆ ದಿನವಿಡೀ ಮಾತು. ನೆಂಟರು ಬಂದಾಗ ಉಪ್ಪರಿಗೆಯ ಬಾಗಿಲಿಗೆ ಚಿಲಕ. ಮನೆಯಲ್ಲಿ ಮದುವೆಗೆ ಬಂದ ಹುಡುಗಿಯರಿದ್ದ ಕಾಲದಿಂದ ಅವಳ ಹೆಸರು ಎತ್ತಬಾರದೆಂಬ ಕಟ್ಟಳೆ ಎಷ್ಟು ಗಟ್ಟಿಯಾಗಿತ್ತೆಂದರೆ, ಅವಳು ತೀರಿ ಮೂವತ್ತು ವರ್ಷವಾಗಿದ್ದರೂ ನಾನು ಕೂಡ ಎರಡು ನಿಮಿಷ ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದೆ. ಡಾಕ್ಟರು ಬರೆದುಕೊಂಡರು. ಹುಡುಗನ ಅಪ್ಪ ನನ್ನ ಜೊತೆ ಆರು ತಿಂಗಳು ಮಾತು ಬಿಟ್ಟರು.

ಕುಟುಂಬದಲ್ಲಿ ಒಂದು ಎಳೆ ಇದ್ದವರಿಗೆ, ಮಿದುಳು ಇನ್ನೂ ಕಟ್ಟಿ ಮುಗಿಯದ ಹದಿಹರೆಯದಲ್ಲಿ, ಈ ಹೊಗೆ ತಗುಲಿದರೆ ಅಪಾಯ ಹೆಚ್ಚು. ಅದಷ್ಟು ನಿಶ್ಚಯ. ಮಿದುಳು ಕಟ್ಟಿ ಮುಗಿಯುವುದು ಇಪ್ಪತ್ತರ ನಡುವಿನಲ್ಲಿ. ಬೇಡದ ಕೊಂಡಿಗಳನ್ನು ಸವರಿ, ಬೇಕಾದವನ್ನು ಗಟ್ಟಿ ಮಾಡುವ ಆ ಕೆಲಸದಲ್ಲಿ ಮನೆಯದೇ ಆನಂದಮೈಡ್ ಬಳಗದ್ದೂ ಕೈಯಿದೆ. ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ, ಸಾರ್ವಜನಿಕರೂ ಹೋಗಬಹುದು. ಆ ದಿನಗಳಲ್ಲಿ ಹೊತ್ತು ಹೋಗದೆ ಒಮ್ಮೆ ಹೋದೆ. ಕೈಗವಸು ಕೊಟ್ಟು ನಿಜವಾದ ಮಿದುಳನ್ನೇ ಕೈಗಿಟ್ಟರು. ಸುಮಾರು 1.3 ಕಿಲೋ ಎಂದು ಓದಿದ್ದು ಬೇರೆ, ಅಂಗೈಗೆ ಭಾರ ಬೀಳುವುದು ಬೇರೆ. ಇದರಲ್ಲಿ ಯಾರ ನಗು ಎಲ್ಲಿತ್ತು, ಯಾರ ಹಲಸಿನ ಮರ ಎಲ್ಲಿತ್ತು ಎಂದು ತಿರುಗಿಸಿ ನೋಡಿದೆ. ಹಿಂದೆ ಸಾಲಿನಲ್ಲಿದ್ದ ಶಾಲಾ ಹುಡುಗಿ ‘ಅಂಕಲ್, ಬೇಗ’ ಎಂದಳು.

ಇನ್ನು ಚಟದ ಮಾತು. ಗಾಂಜಾ ಚಟವೇ ಅಲ್ಲ ಎಂಬ ವಾದಕ್ಕೆ ಬಹಳ ಕಾಲ ಪ್ರಾಣಿಗಳೇ ಸಾಕ್ಷಿ ಹೇಳುತ್ತಿದ್ದವು. ಕೊಕೇನಿಗಾಗಿ ಸನ್ನೆ ಒತ್ತಿ ಒತ್ತಿ ಊಟ ಮರೆಯುವ ಇಲಿ, ಟಿಎಚ್‌ಸಿ ಕೊಟ್ಟರೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. 2000ದಲ್ಲಿ ಅಮೆರಿಕದ ಒಂದು ತಂಡ ಅಳಿಲುಕೋತಿಗಳಲ್ಲಿ, ಅದೂ ಪ್ರಮಾಣವನ್ನು ಬಹಳ ಇಳಿಸಿ ಮನುಷ್ಯ ಸೇದುವ ಅಂದಾಜಿಗೆ ತಂದ ಮೇಲೆ, ಅವು ತಾವಾಗಿ ಸನ್ನೆ ಒತ್ತುವುದನ್ನು ತೋರಿಸಿತು. ಅಲ್ಲಿಯವರೆಗೆ ವಿಜ್ಞಾನಿಗಳು ಇಲಿಗಳಿಗೆ ಎರಡನೆಯ ಲೋಟ ಕುಡಿಸುತ್ತಿದ್ದರು ಅನಿಸುತ್ತದೆ. ಮನುಷ್ಯರಲ್ಲಿ, ಒಮ್ಮೆ ರುಚಿ ನೋಡಿದ ಹನ್ನೊಂದು ಮಂದಿಯಲ್ಲಿ ಸುಮಾರು ಒಬ್ಬ ಬಿಡಲಾರದವನಾಗುತ್ತಾನೆ ಎಂಬುದು 1994ರ ಅಮೆರಿಕದ ಲೆಕ್ಕ. ಹದಿಹರೆಯದಲ್ಲಿ ಹಿಡಿದರೆ ಆರರಲ್ಲಿ ಒಬ್ಬ. ತಂಬಾಕಿಗೆ ಮೂವರಲ್ಲಿ ಒಬ್ಬ. ನಮ್ಮ ದೇಶದಲ್ಲಿ 2019ರ ಸಮೀಕ್ಷೆಯ ಪ್ರಕಾರ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು 3.1 ಕೋಟಿ, ಅದರಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು 72 ಲಕ್ಷ.

ಚಟ ಹುಟ್ಟುವ ಬಗೆಯೂ ಪಂಕ್ತಿಯದೇ. ಎಲೆಯ ಮೇಲೆ ದಿನಾ ಅಡ್ಡ ಕೈ ಕಂಡರೆ ಬಡಿಸುವವನು ಎಷ್ಟು ದಿನ ಲೆಕ್ಕಕ್ಕಿಟ್ಟಾನು? ಮಿದುಳು ತನ್ನ ಕಿಂಡಿಗಳನ್ನು ಒಂದೊಂದಾಗಿ ಒಳಗೆಳೆದುಕೊಳ್ಳುತ್ತದೆ. 2012ರಲ್ಲಿ ದಿನವೂ ಸೇದುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಹೊರಪದರದಲ್ಲಿ ಐದನೇ ಒಂದು ಭಾಗದಷ್ಟು ಕಿಂಡಿಗಳು ಕಡಿಮೆ. ಆಗ ಮನೆಯ ಆನಂದ ಸಾಲದು, ಹೊರಗಿನದ್ದೂ ಮೊದಲಷ್ಟು ಸಾಲದು. ಬಿಟ್ಟುಬಿಟ್ಟರೆ ಕೈ ಅಡ್ಡವಿಲ್ಲದ ಎಲೆಗೆ ಬಡಿಸುವವರೆಲ್ಲ ಒಟ್ಟಿಗೆ ನುಗ್ಗಿದ ಹಾಗೆ: ಸಿಡುಕು, ನಿದ್ದೆಗೇಡು, ಊಟ ಸೇರದು, ನಿದ್ದೆ ಬಂದರೆ ಕನಸೋ ಕನಸು. ಸುಮಾರು ನಾಲ್ಕು ವಾರ ತಾಳಿದರೆ ಬಹುಪಾಲು ಕಿಂಡಿಗಳು ಮರಳಿ ಬರುತ್ತವೆ. ಹಿಪೊಕ್ಯಾಂಪಸ್‌ನಲ್ಲಿ ಮಾತ್ರ ತಡ. ಕನ್ನಡದಲ್ಲಿ ವ್ಯಸನವೆಂದರೆ ಚಟವೂ ಹೌದು, ದುಃಖವೂ ಹೌದು. ‘ವ್ಯಸನ ಮಾಡಬೇಡ’ ಎಂದು ಅಜ್ಜಿ ಅಳುವವರನ್ನು ಸಮಾಧಾನ ಮಾಡುತ್ತಿದ್ದಳು. ಹೊಸದಾಗಿ ಓದಲು ಕಲಿತ ನಾನು, ಪೇಟೆಯ ಗೋಡೆಯ ಮೇಲಿನ ‘ದುರ್ವ್ಯಸನ ಬಿಡಿ’ ಎಂಬ ಬರಹವನ್ನು ಜೋರಾಗಿ ಅಳಬೇಡಿ ಎಂದು ಅರ್ಥ ಮಾಡಿಕೊಂಡಿದ್ದೆ.

ಹುಡುಗ ಮಾತ್ರೆ ನುಂಗುತ್ತ ನಮ್ಮ ಮನೆಯಲ್ಲೇ ಮೂರು ತಿಂಗಳಿದ್ದ. ಗೋಡೆಗಳು ನಿಧಾನವಾಗಿ ಮಾತು ನಿಲ್ಲಿಸಿದವು. ಒಂದು ಸಂಜೆ ನಾನು ಜಗಲಿಯಲ್ಲಿ ಕೂತು ಎಲೆಯ ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಹೋಳು ಹಾಕಿ ಕವಳ ಮಡಿಸುತ್ತಿದ್ದೆ. ನೋಡುತ್ತಿದ್ದವನು ಕೇಳಿದ, ‘ಮಾವ, ದಿನಕ್ಕೆ ಎಷ್ಟು?’ ಲೆಕ್ಕ ಇಟ್ಟಿರಲಿಲ್ಲ. ‘ಬಿಡೋಕಾಗುತ್ತಾ?’ ಅಡಿಕೆ ಬೆಳೆಗಾರನನ್ನು ಕೇಳುವ ಪ್ರಶ್ನೆಯೇ ಅದು? ಅಡಿಕೆಯಲ್ಲಿರುವ ಅರಿಕೊಲಿನ್ ನರಗಳ ಬೇರೊಂದು ಬೀಗಕ್ಕೆ ಹೊಂದುವ ಕೈ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಡಿಕೆಯನ್ನೇ, ತಂಬಾಕು ಸೇರದಿದ್ದರೂ, ಕ್ಯಾನ್ಸರ್‌ಕಾರಕವೆಂದು 2004ರಲ್ಲೇ ಪಟ್ಟಿ ಮಾಡಿದೆ. ಅದರ ವಿರುದ್ಧ ನಮ್ಮ ಸೊಸೈಟಿಯಲ್ಲಿ ನಡೆದ ಸಭೆಯಲ್ಲಿ ನಾನೇ ಭಾಷಣ ಮಾಡಿದ್ದೆ, ಬಾಯಲ್ಲಿ ಕವಳ ಇಟ್ಟುಕೊಂಡು. ನನ್ನ ಅಪ್ಪನ ಓದು, ನನ್ನ ಓದು, ಇವನ ಆಸ್ಪತ್ರೆಯ ಖರ್ಚು ಎಲ್ಲ ಬಂದದ್ದು ಆ ಮರಗಳಿಂದಲೇ. ‘ನೀನು ನಾಲ್ಕು ವಾರ, ನಾನೂ ನಾಲ್ಕು ವಾರ’ ಎಂದೆ, ಮಾತು ಮುಗಿದರೆ ಸಾಕೆಂದು.

ಎರಡನೆಯ ದಿನ ನನಗೆ ತಲೆಸಿಡಿತ. ನಾಲ್ಕನೆಯ ದಿನ ಕೊಟ್ಟಿಗೆಯ ಆಳಿನ ಜೊತೆ ಕಾರಣವಿಲ್ಲದೆ ಜಗಳ. ಒಂಬತ್ತನೆಯ ದಿನ ರಾತ್ರಿ ಎದ್ದು ಕವಳದ ಬಟ್ಟಲು ಹುಡುಕಿದೆ. ಹೆಂಡತಿ ಎಲ್ಲೋ ಅಡಗಿಸಿದ್ದಳು. ಜಗಲಿಗೆ ಬಂದರೆ ಹುಡುಗ ಅಲ್ಲಿ ಕೂತಿದ್ದ. ‘ವಿಚಿತ್ರ ಕನಸು ಮಾವ, ಉಪ್ಪರಿಗೆಯಲ್ಲಿ ಯಾರೋ ಅಜ್ಜಿ, ಹಲಸಿನ ಹಣ್ಣು ಬಿಡಿಸಿ ಕೊಟ್ಟಳು’ ಎಂದ. ಚಿಕ್ಕಜ್ಜಿಯ ವಿಷಯ ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ ಎಂದೇ ನನ್ನ ನಂಬಿಕೆ, ಆಸ್ಪತ್ರೆಯ ಬಾಗಿಲ ಹೊರಗೆ ಅವನು ಕೇಳಿಸಿಕೊಂಡಿದ್ದರೂ ಇರಬಹುದು. ಆ ರಾತ್ರಿ ಹೇಳಿದೆ. ಅವನು ಎಲ್ಲ ಕೇಳಿ, ‘ಅವಳು ಏನು ಸೇದುತ್ತಿದ್ದಳು?’ ಎಂದ. ಏನೂ ಇಲ್ಲ ಎಂದೆ.

ಅವನು ಓದು ಮುಗಿಸಿ ಈಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾನೆ. ಮಾತ್ರೆ ಸಣ್ಣ ಪ್ರಮಾಣದಲ್ಲಿ ಮುಂದುವರಿದಿದೆ. ನನ್ನ ನಾಲ್ಕು ವಾರ ಹದಿನೇಳನೆಯ ದಿನಕ್ಕೆ ಮುರಿದು, ಎರಡನೆಯ ಸಲ ಪೂರ್ತಿಯಾಗಿ, ಮೂರನೆಯ ಸಲ ಮತ್ತೆ ಮುರಿಯಿತು. ಹೋದ ತಿಂಗಳು ಒಂದು ಮದುವೆಯಲ್ಲಿ ಇಬ್ಬರೂ ಅಕ್ಕಪಕ್ಕದ ಎಲೆಗೆ ಕೂತಿದ್ದೆವು. ಪಾಯಸದ ಬಕೆಟ್ಟು ಹಿಡಿದು ಬಂದದ್ದು ಹುಡುಗನ ಅಪ್ಪ. ಹುಡುಗ ಎರಡೂ ಕೈ ಅಡ್ಡ ಹಿಡಿದು, ಮೈ ಬಾಗಿಸಿ, ‘ಸಾಕು, ಸಾಕು’ ಎಂದ. ಅವರು ಒಂದು ಕ್ಷಣ ನಿಂತು ನೋಡಿ, ಅವನ ಬೆರಳ ಸಂದಿಯಲ್ಲೇ ಒಂದು ಸೌಟು ಸುರಿದು ನನ್ನ ಎಲೆಯ ಕಡೆ ತಿರುಗಿದರು.